ತೂಕ ಕೇಳೋ ಮೆಸೇಜ್ ಛಲೋ, ಊಟ ಹೇಳೋ ಮೆಸೇಜ್ ಅಷ್ಟಕ್ಕಷ್ಟ: ಪುಣೆಯ ಒಂದು ಬಸುರಿ ಎಸ್‌ಎಂಎಸ್ ಪ್ಯಾಕ್ ಬಗ್ಗೆ

ನಮ್ಮ ಧಾಯರಿ, ಸಿಂಹಗಡ ರೋಡ್ ಕಡೆ ಕನ್ನಡದವರ ಮನ್ಯಾಗ ಈಗ ಭಾಳ ಮಂದಿ ಬಸುರಿ ಅದಾರ, ಎಲ್ಲಾರದೂ ಒಂದ ಪ್ರಶ್ನೆ, "ಅಕ್ಕಾ, ನೀವು ಆ ತೂಕದ ಮೆಸೇಜ್ ಪ್ಯಾಕ್ ತಗೊಂಡಿದ್ರೆಲ್ಲಾ, ರೊಕ್ಕ ಕೊಡೋಹಂಗ ಅದ ಏನ್ರಿ?" ಒಬ್ಬೊಬ್ಬರಿಗೆ ಫೋನ್‌ನ್ಯಾಗ ಹೇಳಿ ಸಾಕಾಗಿ ಇಲ್ಲೇ ಬರದು ಇಡಾಕತ್ತೀನಿ. ಕಂಪನಿ ಹೆಸರು ಹೇಳಂಗಿಲ್ಲ, ಯಾಕಂದ್ರ ನನ್ನ ತಕರಾರೊಳಗ ದೊಡ್ಡದೊಂದನ್ನ ನಾ ಹೇಳಿದ ಮ್ಯಾಲ ಅವರು ಸರಿ ಮಾಡ್ಯಾರ, ಇನ್ನ ಮ್ಯಾಲ ಹೆಸರು ಹಿಡದು ಬೈಯೋದು ಯಾಕ. ನಿಮ್ಮ ಹೆರಿಗಿ ದವಾಖಾನ್ಯಾಗ ಡಯೆಟಿಷಿಯನ್ ಇದ್ರ ಕೇಳ್ರಿ, ಇಂಥಾ ಪ್ಯಾಕ್ ಇದ್ರ ಅವರಿಗೇ ಗೊತ್ತಿರ್ತದ.

ಮದಲ ಏನಿದು ಅಂತ ಹೇಳ್ತೀನಿ. ಪೂರ್ತಿ ಬಸುರಿಗೆ ಒಂದ ಸಲ 1,500 ರೂಪಾಯಿ. ಆ್ಯಪ್ ಇಲ್ಲ, ವಾಟ್ಸಾಪ್ ಇಲ್ಲ, ಸಾದಾ ಎಸ್‌ಎಂಎಸ್. ಸೇರೋ ಮುಂದ ನಿಮ್ಮ ಎತ್ತರ, ಬಸುರಿ ಆಗೋಕಿಂತ ಮದಲಿನ ತೂಕ, ಡ್ಯೂ ಡೇಟ್, ವೆಜ್ಜೋ ನಾನ್‌ವೆಜ್ಜೋ, ಯಾವ ಭಾಷಾ ಬೇಕು ಅಂತ ಕೇಳ್ತಾರ. ಆಮ್ಯಾಲ ಪ್ರತಿ ಸೋಮವಾರ ಮುಂಜಾನೆ "ಈ ವಾರದ ತೂಕ ಕಳಸ್ರಿ" ಅಂತ ಮೆಸೇಜ್ ಬರ್ತದ, ನೀವು ನಂಬರ್ ಟೈಪ್ ಮಾಡಿ ಕಳಸಿದ್ರ ಸ್ವಲ್ಪ ಹೊತ್ತಿಗೆ ಉತ್ತರ ಬರ್ತದ, ಈ ವಾರಕ್ಕ ನೀವು ಇಲ್ಲಿಂದ ಇಲ್ಲೀತನಾ ಇರಬೇಕು, ನೀವು ಇಲ್ಲಿ ಅದೀರಿ ಅಂತ. ಗುರುವಾರ ಊಟದ ಮೆಸೇಜ್. ಶನಿವಾರ ನಡಿಯೋದು ಕೂಡೋದು ಏಳೋದರ ಬಗ್ಗೆ. ಎರಡು ವಾರ ಸಾಲಾಗಿ ತೂಕ ಗೆರಿ ದಾಟಿದ್ರ, ಮ್ಯಾಲರೆ ಆಗ್ಲಿ ಕೆಳಗರೆ ಆಗ್ಲಿ, ಡಯೆಟಿಷಿಯನ್ ತಾವ ಫೋನ್ ಮಾಡ್ತಾರ. ಇಷ್ಟ ಪ್ಯಾಕ್.

ಈಗ ಆ ಗೆರಿ ಎಲ್ಲಿಂದ ಬಂತು ಅನ್ನೋದು ತಿಳಕೊಳ್ರಿ, ಇಲ್ಲಂದ್ರ ಸೋಮವಾರದ ಉತ್ತರ ಬರೇ ಒಂದು ನಂಬರ್ ಆಗಿ ಉಳೀತದ. ಅಮೇರಿಕಾದಾಗ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅಂತ ಇತ್ತು, ಈಗ ಅದರ ಹೆಸರು ನ್ಯಾಷನಲ್ ಅಕಾಡೆಮಿ ಆಫ್ ಮೆಡಿಸಿನ್, ಅವರು 2009ರೊಳಗ ಒಂದು ಪಟ್ಟಿ ಮಾಡ್ಯಾರ, ಜಗತ್ತಿನ್ಯಾಗ ಭಾಳ ಕಡೆ ಅದನ್ನ ಬಳಸ್ತಾರ. ಬಸುರಿ ಆಗೋಕಿಂತ ಮದಲಿನ ಬಿಎಂಐ, ಅಂದ್ರ ಎತ್ತರಕ್ಕ ತೂಕ ಎಷ್ಟು ಅನ್ನೋ ಲೆಕ್ಕ, 18.5ಕ್ಕಿಂತ ಕಮ್ಮಿ ಇದ್ದವರು ಒಟ್ಟು 12.5ರಿಂದ 18 ಕೆಜಿ ಏರಬೇಕು, 18.5ರಿಂದ 24.9 ಇದ್ದವರು 11.5ರಿಂದ 16, 25ರಿಂದ 29.9 ಇದ್ದವರು 7ರಿಂದ 11.5, 30 ದಾಟಿದವರು 5ರಿಂದ 9. ಮದಲ ಮೂರು ತಿಂಗಳೊಳಗ ಅರ್ಧದಿಂದ 2 ಕೆಜಿ ಏರಿದ್ರ ಸಾಕು, ಆಮ್ಯಾಲ 18.5ರಿಂದ 24.9ರ ಗುಂಪಿನವರು ವಾರಕ್ಕ 350ರಿಂದ 500 ಗ್ರಾಂ. ಇದು ಒಂದ ಕೂಸು ಹೊಟ್ಯಾಗ ಇದ್ದವರಿಗೆ, ಅವಳಿ ಇದ್ರ ಲೆಕ್ಕ ಬ್ಯಾರೆ.

ನನ್ನ ಎತ್ತರ 158 ಸೆಂ.ಮೀ., ಮದಲಿನ ತೂಕ 58 ಕೆಜಿ, ಬಿಎಂಐ 23.2. ಈ ಪಟ್ಟಿ ಪ್ರಕಾರ ನಾ ನಾರ್ಮಲ್, 16 ಕೆಜಿ ತನಾ ಏರಬಹುದು. ಆದ್ರ ನಮ್ಮ ಭಾರತದ ಮಂದಿಗೆ ಡಾಕ್ಟರ್‌ಗಳು ಬಿಎಂಐ 23 ದಾಟಿದ್ರನ ಹೆಚ್ಚಿನ ತೂಕ ಅಂತಾರ, 25 ದಾಟಿದ್ರ ಬೊಜ್ಜು, ಯಾಕಂದ್ರ ನಮಗ ಅಷ್ಟು ತೂಕಕ್ಕನ ಹೊಟ್ಟಿ ಸುತ್ತ ಕೊಬ್ಬು ಕೂಡ್ತದ, ಸಕ್ಕರಿ ಕಾಯಿಲೆ ಲಗೂ ಹಿಡೀತದ. ಮೆಸೇಜ್ ಸರ್ವಿಸ್ ನನಗ 11.5–16 ಅಂತ ಹಾಕಿತ್ತು, ನಮ್ಮ ಡಾಕ್ಟರ್ ಮೇಡಂ "ನೀನು 10ರಿಂದ 12ರೊಳಗ ಇರು, 16ರ ಸುದ್ದಿ ಬ್ಯಾಡ" ಅಂದ್ರು. ನಾ ಸರ್ವಿಸ್‌ನವರಿಗೆ ಫೋನ್ ಮಾಡಿ ಇದನ್ನ ಹೇಳಿದೆ, ಅವರು ಕೇಳಿಸಿಕೊಂಡು ಗೆರಿ ಬದಲಿ ಮಾಡಿದ್ರು. ಇದು ಅವರದು ಛಲೋ ಗುಣ. ಆದ್ರ ಕೇಳಲಾರದವರಿಗೆ ಆ ಅಮೇರಿಕಾದ ಗೆರಿನ ನಡೀತದ, ಅದಕ್ಕ ಸೇರಿದ ಮ್ಯಾಲ ಮದಲ ಮಾಡೋ ಕೆಲಸ ಇದು, ನಿಮ್ಮ ಡಾಕ್ಟರ್ ಹೇಳಿದ ನಂಬರ್ ಅವರಿಗೆ ಹೇಳ್ರಿ.

ಸೋಮವಾರದ ಮೆಸೇಜ್ ಬಗ್ಗೆ ನಾ ಎಷ್ಟು ಹೊಗಳಿದ್ರೂ ಕಮ್ಮಿ. ಯಾಕಂದ್ರ ದವಾಖಾನ್ಯಾಗ ತಿಂಗಳಿಗೊಮ್ಮೆ ಕಾಟಾದ ಮ್ಯಾಲ ನಿಲ್ಲಸ್ತಾರ, ಸಿಸ್ಟರ್ ಫೈಲ್‌ನ್ಯಾಗ ಬರೀತಾಳ, ಮೇಡಂ ನೋಡಿ "ಓಕೆ" ಅಂತಾರ, ಹೊರಗ ಇಪ್ಪತ್ತು ಮಂದಿ ಕುಂತಿರ್ತಾರ, ನೀವು ಎದ್ದು ಬರ್ತೀರಿ. ಆ "ಓಕೆ" ಅಂದ್ರ ಏನು, ಹೋದ ತಿಂಗಳಕಿಂತ ಎಷ್ಟು ಏರಿತು, ಏರಬೇಕಾಗಿದ್ದು ಎಷ್ಟು, ಯಾರೂ ಹೇಳಂಗಿಲ್ಲ, ಕೇಳೋ ಧೈರ್ಯ ನಮಗೂ ಬರಂಗಿಲ್ಲ. ತಿಂಗಳಿಗೊಮ್ಮೆ ನೋಡಿದ್ರ ಒಂದ ಸಲಕ್ಕ ಮೂರು ಕೆಜಿ ಕಾಣ್ತದ, ಗಾಬರಿ ಆಗ್ತದ, ವಾರಕ್ಕೊಮ್ಮೆ ನೋಡಿದ್ರ ಯಾವ ವಾರ ಏರಿತು, ಆ ವಾರ ಮನ್ಯಾಗ ಏನು ನಡದಿತ್ತು, ಎಲ್ಲಾ ನೆನಪಿಗೆ ಬರ್ತದ. ಗಣಪತಿ ಹಬ್ಬದ ವಾರ ಮೋದಕ, ಕಡಬು, ಮಂದಿ ಮನೀಗೆ ಹೋಗಿ ತಿಂದಿದ್ದು, ಎಲ್ಲಾ ಆ ಸೋಮವಾರ ಕಾಟಾದ ಮ್ಯಾಲ ಬಂದು ನಿಂತಿತ್ತು. ಇನ್ನೊಂದು, ಮೆಸೇಜ್ ಕೇಳ್ತದ, ಬೈಯಂಗಿಲ್ಲ. "ಏನ ಇಷ್ಟು ದಪ್ಪ ಆಗೀಯಲ್ಲ" ಅನ್ನಂಗಿಲ್ಲ, "ಏನ ಹೊಟ್ಟಿನ ಕಾಣವಲ್ದಲ್ಲ" ಅಂತನೂ ಅನ್ನಂಗಿಲ್ಲ. ಬಸುರಿ ಹೆಂಗಸಿನ ಮೈ ನೋಡಿ ಮಾತಾಡ್ಲಾರದವರು ಈ ಜಗತ್ತಿನ್ಯಾಗ ಅದೊಂದ ಅನಸ್ತಿತ್ತು ನನಗ.

ಒಂದು ಸೂಚನೆ. ಕಾಟಾ ಮನೀದ ಇರಲಿ, ದವಾಖಾನಿದು ಮತ್ತ ಮನೀದು ಮಿಕ್ಸ್ ಮಾಡಬ್ಯಾಡ್ರಿ, ನಮ್ಮನೀದಕ್ಕೂ ಅವರದಕ್ಕೂ ಮುಕ್ಕಾಲು ಕೆಜಿ ಫರಕ್ ಇತ್ತು. ಸೋಮವಾರ ಎದ್ದ ಕೂಡ್ಲೆ, ಬಾತ್‌ರೂಮಿಗೆ ಹೋಗಿ ಬಂದು, ಚಹಾ ಕುಡಿಯೋಕಿಂತ ಮದಲ, ನೆಲಾ ಸಪಾಟ್ ಇದ್ದ ಜಾಗಾದಾಗ ನಿಲ್ರಿ. ಕಾಟಾ ಆನ್‌ಲೈನ್ ತರಿಸಿದ್ವಿ, ಅದರ ಖರ್ಚು ಪ್ಯಾಕ್‌ನ್ಯಾಗ ಇಲ್ಲ.

ಮದಲ ಮೂರು ತಿಂಗಳು ನನಗ ವಾಂತಿ ವಿಪರೀತ, ತೂಕ ಏರೋದು ಬಿಡ್ರಿ, 58 ಇದ್ದದ್ದು 57 ಆತು. ಊರಿಂದ ಅವ್ವ ದಿನಾ ಫೋನ್ ಮಾಡಿ ಅಳೋದು, "ಕೂಸಿಗೆ ಏನ ಹೋಗ್ತದ ಯವ್ವಾ, ಏನೂ ಉಣ್ಣಂಗಿಲ್ಲಂತಲ್ಲ" ಅಂತ. ಆವಾಗ ಬಂದ ಮೆಸೇಜ್ ನನಗ ಇನ್ನೂ ನೆನಪದ, ಮದಲ ಮೂರು ತಿಂಗಳೊಳಗ ತೂಕ ಸ್ವಲ್ಪ ಇಳದ್ರ ಚಿಂತಿ ಬ್ಯಾಡ, ಕೂಸು ಈಗ ಭಾಳ ಸಣ್ಣದು, ಆದ್ರ ನೀರು ಸುದ್ದಾ ನಿಲ್ಲಲಾರದಂಗ ವಾಂತಿ ಆದ್ರ, ಮೂತ್ರ ಕಮ್ಮಿ ಆಗಿ ದಟ್ಟ ಹಳದಿ ಬಂದ್ರ ದವಾಖಾನಿಗೆ ಹೋಗ್ರಿ. ಅವ್ವಗ ಓದಿ ಹೇಳಿದೆ. ಡಾಕ್ಟರೂ ಅದನ್ನ ಹೇಳಿದ್ರು, ಆದ್ರ ಡಾಕ್ಟರ್ ಹೇಳಿದ್ದು ಅವ್ವನ ತನಾ ಹೋಗೂದ್ರೊಳಗ ಮಾತು ಮೂರು ಸಲ ಬದಲಾಗಿರ್ತದ, ಬರದಿದ್ದು ಬದಲಾಗಂಗಿಲ್ಲ.

ನಾಕು ತಿಂಗಳು ಆದ ಮ್ಯಾಲ ವಾಂತಿ ನಿಂತು ಹಸಿವಿ ಶುರು ಆತು, ಅದರ ಜೋಡಿನ ವಿಜಯಪುರದಿಂದ ನಮ್ಮ ಅತ್ತಿಯವರೂ ಬಂದ್ರು. ಇನ್ನ ನಡೀತು ನೋಡ್ರಿ, "ಇಬ್ಬರಿಗೆ ಉಣ್ಣಬೇಕು" ಅನ್ನೋ ಕಾರ್ಯಕ್ರಮ. ನಮ್ಮ ಅತ್ತಿಯವರು ಕೆಟ್ಟವರಲ್ಲ, ಅವರ ಕೈ ರೊಟ್ಟಿ ತಿಂದವರು ಇನ್ನೊಂದು ಮನೀ ರೊಟ್ಟಿ ಹೊಗಳಂಗಿಲ್ಲ, ಆದ್ರ ತಾಟಿನ್ಯಾಗ ಒಮ್ಮೆ ಹಾಕಿದ್ದು ವಾಪಸ್ ತಗೊಳ್ಳೋ ಪದ್ಧತಿ ಅವರಲ್ಲಿ ಇಲ್ಲ. ಮುಂಜಾನೆ ಅಂಟಿನ ಉಂಡಿ, ಹತ್ತಕ್ಕ ಶೇಂಗಾ ಹೋಳಿಗಿ, ಮಧ್ಯಾಹ್ನ ರೊಟ್ಟಿ ಆದ ಮ್ಯಾಲ ಅನ್ನಕ್ಕ ತುಪ್ಪ ಸುರುವೋದು, ಸಂಜೀಕ ಮಾದಲಿ ಹಾಲು.

ಆ ವಾರಗಳೊಳಗ ಸರ್ವಿಸ್‌ನಿಂದ ಒಂದು ಮೆಸೇಜ್ ಬಂತು, ಎರಡನೇ ಮೂರು ತಿಂಗಳು, ಅಂದ್ರ ನಾಕನೇ ತಿಂಗಳಿಂದ ದಿನಕ್ಕ 350 ಕ್ಯಾಲರಿ ಹೆಚ್ಚಿಗಿ ಸಾಕು ಅಂತ. ಇದು ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ, ಐಸಿಎಂಆರ್ ಅನ್ನೋ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿದು, 2020ರ ಪಟ್ಟಿಯೊಳಗ ಹೇಳಿದ್ದು. ಪ್ರೋಟೀನ್ ಮಾತ್ರ ಹೆಚ್ಚು ಬೇಕು, ಎರಡನೇ ಮೂರು ತಿಂಗಳೊಳಗ ದಿನಕ್ಕ 9.5 ಗ್ರಾಂ ಹೆಚ್ಚಿಗಿ, ಕಡೀ ಮೂರು ತಿಂಗಳೊಳಗ 22 ಗ್ರಾಂ ಹೆಚ್ಚಿಗಿ. 350 ಕ್ಯಾಲರಿ ಅಂದ್ರ ನಮ್ಮ ಭಾಷಾದಾಗ ಒಂದು ಜ್ವಾಳದ ರೊಟ್ಟಿ ಮತ್ತ ಒಂದು ಗ್ಲಾಸ್ ಹಾಲು, ಹೆಚ್ಚೂಕಮ್ಮಿ ಅಷ್ಟ. ಇನ್ನೊಬ್ಬರ ಪೂರ್ತಿ ಊಟ ಅಲ್ಲ. ಇದನ್ನ ನಾ ಅತ್ತಿಯವರಿಗೆ ಹೇಳಿದ್ರ, "ನಿಮ್ಮ ಮೊಬೈಲ್ ಏನು ಆರು ಹಡದದ ಏನು" ಅಂದ್ರು. ಏನು ಉತ್ತರ ಕೊಡ್ಲಿ.

ಇಲ್ಲೇ ನೋಡ್ರಿ ಈ ಸರ್ವಿಸ್‌ದ ದೊಡ್ಡ ಕೊರತಿ ಇರೋದು. ಮೆಸೇಜ್ ಬರೋದು ನನ್ನ ಫೋನಿಗೆ, ತಾಟು ತುಂಬೋರು ಬ್ಯಾರೆ. ನಮ್ಮ ಮನೀಗಳೊಳಗ ಬಸುರಿ ಹೆಂಗಸು ಏನು ಉಣ್ಣಬೇಕು ಅನ್ನೋದನ್ನ ಬಸುರಿ ಹೆಂಗಸು ಠರಾಯಿಸಂಗಿಲ್ಲ, ಅದನ್ನ ಅತ್ತಿ ಠರಾಯಿಸ್ತಾರ, ಅವ್ವ ಠರಾಯಿಸ್ತಾಳ, ಬಾಜೂ ಮನಿ ಮರಾಠಿ ಕಾಕೂ ಠರಾಯಿಸ್ತಾರ. ಸೇರೋ ಫಾರ್ಮಿನ್ಯಾಗ ಒಂದ ನಂಬರಿಗೆ ಜಾಗಾ. ಎರಡನೇ ನಂಬರ್ ಹಾಕಲಿಕ್ಕೆ ಬರಂಗಿಲ್ಲ. ಭಾಷಾ ಮೂರು, ಮರಾಠಿ, ಹಿಂದಿ, ಇಂಗ್ಲಿಷ್. ಕನ್ನಡ ಇಲ್ಲ. ಅತ್ತಿಯವರಿಗೆ ಕನ್ನಡ ಓದಲಿಕ್ಕೆ ಬರ್ತದ, ದಿನಾ ಪೇಪರ್ ಓದೋ ಹೆಣ್ಮಗಳು, ಮರಾಠಿ ಕೇಳಿದ್ರ ತಿಳೀತದ, ಓದು ಅಂದ್ರ ಕಷ್ಟ. ಅದ ಮೆಸೇಜ್ ಕನ್ನಡದಾಗ ಅವರ ಫೋನಿಗೆ, "ನಿಮ್ಮ ಸೊಸಿಗೆ ಈ ವಾರ ಹಿಂಗ" ಅಂತ ಬಂದಿದ್ರ ಮಾತ ಬ್ಯಾರೆ ಇರ್ತಿತ್ತು. ಸೊಸಿ ಹೇಳಿದ್ರ ಅದು ಎದುರು ಮಾತು, ದವಾಖಾನಿ ಹೇಳಿದ್ರ ಅದು ಸಲಹಾ.

ಪುಣೆಯೊಳಗ ಕನ್ನಡದವರು ಕಮ್ಮಿ ಇಲ್ಲ, ವಿಜಯಪುರ ಬೆಳಗಾವಿ ಕಲಬುರಗಿ ಕಡೆಯಿಂದ ಬಂದು ಕಟ್ಟಡ ಕೆಲಸದಿಂದ ಹಿಡದು ಹಿಂಜೇವಾಡಿ ಐಟಿ ತನಾ ಎಲ್ಲಾ ಕಡೆ ಅದಾರ, ಕನ್ನಡ ಯಾಕ ಇಲ್ಲ ಅಂತ ಕೇಳಿದೆ. ಅವರು ಕೊಟ್ಟ ಕಾರಣ ಅರ್ಧ ಖರೇನ ಅದ. ಸಾದಾ ಎಸ್‌ಎಂಎಸ್‌ನ್ಯಾಗ ಇಂಗ್ಲಿಷ್ ಅಕ್ಷರ ಇದ್ರ ಒಂದು ಮೆಸೇಜಿಗೆ 160 ಹಿಡೀತಾವ, ಕನ್ನಡ, ಮರಾಠಿ, ಹಿಂದಿ ಲಿಪಿ ಆದ್ರ 70 ಅಷ್ಟ. ಅದರಾಗ ಒತ್ತು, ದೀರ್ಘ, ಗುಡಸು ಎಲ್ಲಾ ಬ್ಯಾರೆ ಬ್ಯಾರೆ ಎಣಿಸ್ತದ. 70 ದಾಟಿದ್ರ ಮೆಸೇಜ್ ತುಂಡಾಗ್ತದ, ಕಂಪನಿಗೆ ಎರಡು ಮೆಸೇಜಿನ ರೊಕ್ಕ ಬೀಳ್ತದ. ಆದ್ರ ಮರಾಠಿಗೂ ಅದ ತೊಂದರಿ ಅದಲ್ಲ, ಅದನ್ನ ಮಾಡ್ಯಾರಲ್ಲ, ಕನ್ನಡಕ್ಕ ಯಾಕ ಆಗಂಗಿಲ್ಲ? ಅದಕ್ಕ ಉತ್ತರ ಬರ್ಲಿಲ್ಲ. ನಾ ಮದಲ ಮರಾಠಿ ಹಾಕಿದ್ದೆ, ಊಟದ ಮೆಸೇಜ್ ಎರಡು ತುಂಡಾಗಿ ಬರ್ತಿದ್ವು, ಒಮ್ಮೊಮ್ಮೆ ಹಿಂದಿನ ತುಂಡು ಮುಂದ ಬಂದು, "ಇದನ್ನ ತಿನ್ನಬ್ಯಾಡ್ರಿ" ಅನ್ನೋದು ಒಂದು ಕಡೆ, ಯಾವುದನ್ನ ಅನ್ನೋದು ಇನ್ನೊಂದು ಕಡೆ, ನಡುವ ವಾಘೋಲಿ ಟೂ ಬಿಎಚ್‌ಕೆ ಫ್ಲ್ಯಾಟಿನ ಜಾಹೀರಾತು. ಆಮ್ಯಾಲ ಇಂಗ್ಲಿಷಿಗೆ ಬದಲಿ ಮಾಡಿದೆ, ಸರಿ ಆತು. ನಮ್ಮ ಯಜಮಾನ್ರು ಅದನ್ನ ಕನ್ನಡದಾಗ ಟೈಪ್ ಮಾಡಿ ಅತ್ತಿಯವರ ವಾಟ್ಸಾಪಿಗೆ ಕಳಸಲಿಕ್ಕೆ ಶುರು ಮಾಡಿದ್ರು, ಮಗ ಕಳಸಿದ್ದು ಅಂತ ಅವರು ಓದಿದ್ರು. ತುಪ್ಪ ಕಮ್ಮಿ ಆತು. 1,500 ರೂಪಾಯಿ ಕೊಟ್ಟ ಮ್ಯಾಲ ಈ ಕೆಲಸ ನಾವ ಮಾಡಬೇಕಾತಲ್ಲ ಅಂತ ಬ್ಯಾಸರ.

ಇನ್ನ ಗುರುವಾರದ ಊಟದ ಮೆಸೇಜ್. ಯಾರ ಅಡಗಿಮನಿಗೆ ಬರೀತಾರೋ ಅದು ದೇವರಿಗೆ ಗೊತ್ತು. ಒಂದು ವಾರ ಓಟ್ಸ್, ಒಂದು ವಾರ ಕಿನ್ವಾ ಸಲಾಡ್, ಬೆರ್ರಿ ಹಣ್ಣು ಹಾಕಿದ ಮೊಸರು. ಮರಾಠಿ ಮಂದಿಗೂ ಇದು ಹೊಂದಂಗಿಲ್ಲ, ಅವರ ಮನ್ಯಾಗೂ ಪಿಠ್ಲ ಭಾಕರಿ ನಡೀತದ. ಜ್ವಾಳದ ರೊಟ್ಟಿ, ಹೆಸರುಕಾಳ ಉಸುಳಿ, ಮಡಿಕಿಕಾಳ, ಮೆಂತ್ಯೆ ಪಲ್ಯೆ, ಪುಂಡಿಪಲ್ಯೆ, ಅಗಸಿ ಚಟ್ನಿ, ಕಡ್ಲಿಹಿಟ್ಟಿನ ಝುಣಕ, ಇದರಾಗ ಏನು ಕಮ್ಮಿ ಅದ? ಪ್ರೋಟೀನ್ ಅದ, ನಾರು ಅದ, ಹೊಟ್ಟಿ ತುಂಬ್ತದ, ಬಸುರಿಯೊಳಗ ಬರೋ ಮಲಬದ್ಧತಿಗೂ ಛಲೋ. ಮಂಡಈ, ಅಂದ್ರ ಇಲ್ಲಿಯ ಕಾಯಿಪಲ್ಯೆ ಮಾರ್ಕೆಟ್‌ಗೆ ಹೋದ್ರ ಎಲ್ಲಾ ಸೊಪ್ಪೂ ಸಿಗ್ತಾವ, ಪುಂಡಿಪಲ್ಯೆ ಸುದ್ದಾ ಅಂಬಾಡಿ ಅಂತ ಮಾರ್ತಾರ. ಆದ್ರ ಮೆಸೇಜ್‌ನ್ಯಾಗ ಒಂದು ಸಲನೂ ರೊಟ್ಟಿ ಅನ್ನೋ ಶಬ್ದ ಬರ್ಲಿಲ್ಲ. ಸಾಬುದಾಣಿ ಖಿಚಡಿ, ವಡಾಪಾವ್, ಬಾಕರವಡಿ ಕಮ್ಮಿ ಮಾಡ್ರಿ ಅಂತ ಮಾತ್ರ ಬಂತು, ಅದು ಸರಿನ ಅದ, ಪುಣೆಯೊಳಗ ಇದ್ದು ಬಾಕರವಡಿ ಕಮ್ಮಿ ಮಾಡು ಅನ್ನೋದು ಎಷ್ಟು ಕಠಿಣ ಅಂತ ಇಲ್ಲಿದ್ದವರಿಗೆ ಗೊತ್ತು.

ನ್ಯಾಯವಾಗಿ ಹೇಳಬೇಕಂದ್ರ ಊಟದ ಮೆಸೇಜ್‌ಗಳೊಳಗ ಒಂದೆರಡು ಭಾಳ ಉಪಯೋಗ ಆದ್ವು. ಕಬ್ಬಿಣಾಂಶದ ಗುಳಗಿ ಮತ್ತ ಕ್ಯಾಲ್ಸಿಯಂ ಗುಳಗಿ ಒಂದ ಹೊತ್ತಿಗೆ ತಗೋಬ್ಯಾಡ್ರಿ, ಕಬ್ಬಿಣದ ಗುಳಗಿ ಮುಂದ ಹಿಂದ ಚಹಾ ಬ್ಯಾಡ, ಲಿಂಬಿಹಣ್ಣಿನ ಶರಬತ್ತು ನಡೀತದ ಅಂತ. ನಾ ಎರಡೂ ಕೂಡೇ ನುಂಗ್ತಿದ್ದೆ, ದವಾಖಾನ್ಯಾಗ ಚೀಟಿ ಮ್ಯಾಲ ಬರೇ ಒಂದು ಒಂದು ಅಂತ ಬರದಿದ್ರು. ಸಕ್ಕರಿ ಪರೀಕ್ಷಾದ್ದೂ ಸರಿಯಾದ ಹೊತ್ತಿಗೆ ನೆನಪು ಮಾಡಿದ್ರು, ಆರನೇ ತಿಂಗಳು ಮುಗಿಯೋ ಹೊತ್ತಿಗೆ, 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ತಾಸಿಗೆ ರಕ್ತ ತಗೊಳ್ಳೋದು, 140 ಅಥವಾ ಅದಕಿಂತ ಹೆಚ್ಚು ಬಂದ್ರ ಬಸುರಿ ಸಕ್ಕರಿ ಕಾಯಿಲೆ ಅಂತ ಹಿಡೀತಾರ. ನಂದು ಸರಿ ಬಂತು.

ಈಗ ಆ ದೊಡ್ಡ ತಕರಾರು. ಎಂಟನೇ ತಿಂಗಳೊಳಗ ಒಂದು ವಾರ ನನ್ನ ತೂಕ ಒಮ್ಮೆಲೆ ಸುಮಾರು ಎರಡು ಕೆಜಿ ಏರಿತು, ಪಾದ ಉಬ್ಬಿದ್ವು, ಉಂಗುರ ಬೆರಳಿಂದ ಬರಲೇ ಇಲ್ಲ. ನಂಬರ್ ಕಳಸಿದೆ. ಬಂದ ಉತ್ತರ ಏನಂದ್ರ, "ಈ ವಾರ ಹೆಚ್ಚು ಏರಿದೆ, ಕರಿದದ್ದು ಸಿಹಿ ಕಮ್ಮಿ ಮಾಡಿ, ದಿನಾ 30 ನಿಮಿಷ ನಡೀರಿ." ಓದಿ ನನಗ ತಲಿ ಕೆಟ್ಟತು. ಕಡೀ ತಿಂಗಳುಗಳೊಳಗ ವಾರದಾಗ ಇಷ್ಟು ತೂಕ ಬಂತು ಅಂದ್ರ ಅದು ಬಾಕರವಡಿ ಅಲ್ಲ, ಮೈಯಾಗ ನೀರು ನಿಂತದ, ಮದಲ ಬಿಪಿ ನೋಡಬೇಕು. ಬಸುರಿ ಬಿಪಿ, ಪ್ರೀ ಎಕ್ಲಾಂಪ್ಸಿಯಾ ಅಂತಾರಲ್ಲ, ಅದರ ಒಂದು ಸುಳಿವು ಇದು, ಜೋಡಿಗೆ ತಲಿಸೂಲಿ, ಕಣ್ಣು ಮಂಜಾಗೋದು, ಎದಿ ಕೆಳಗ ಬಲಕ್ಕ ನೋವು, ಮುಖ ಉಬ್ಬೋದು, ಇವು ಬಂದ್ರಂತೂ ಸೋಮವಾರ ಮಂಗಳವಾರ ನೋಡಲಾರದ ಆ ಹೊತ್ತಿನ್ಯಾಗ ಹೋಗಬೇಕು. ನಮ್ಮ ವೈನಿ ಸೋಲಾಪುರದಾಗ ನರ್ಸ್ ಅದಾರ, ಅವರಿಗೆ ಫೋನ್ ಮಾಡಿದ್ರ "ನಡಿಯೋದು ನಾಳೆ ನಡಿ, ಈಗ ಹೋಗಿ ಬಿಪಿ ತೋರಿಸು" ಅಂದ್ರು. ಹೋದ್ವಿ, ಬಿಪಿ ನಾರ್ಮಲ್, ಮೂತ್ರದಾಗ ಪ್ರೋಟೀನ್ ಇಲ್ಲ, ಬಸುರಿಯೊಳಗ ಬರೋ ಸಾದಾ ಬಾವು ಅಂದ್ರು. ನನಗ ಏನೂ ಆಗ್ಲಿಲ್ಲ, ಖರೇ. ಆದ್ರ ವೈನಿ ಇರಲಾರದ ಇನ್ನೊಬ್ಬಾಕಿ ಆ ಮೆಸೇಜ್ ನಂಬಿ ಊಟಾ ಬಿಟ್ಟು ನಡೀತಾ ಕುಂತ್ರ?

ಅವತ್ತ ಸಂಜೀಕ ಫೋನ್ ಮಾಡಿ ಜಗಳಾ ಅಂತಲ್ಲ, ಆದ್ರ ಬಿಗಿಯಾಗೇ ಹೇಳಿದೆ. ಡಯೆಟಿಷಿಯನ್ ತಾವ ಮಾತಾಡಿದ್ರು, ಕಂಪ್ಯೂಟರ್ ಬರೇ ನಂಬರ್ ನೋಡಿ ಉತ್ತರ ಕೊಡ್ತದ, ಯಾಕ ಏರಿತು ಅಂತ ಕೇಳಂಗಿಲ್ಲ ಅಂತ ಒಪ್ಪಿಕೊಂಡ್ರು. ಸ್ವಲ್ಪ ದಿನಕ್ಕ ಬದಲಿ ಆತು, ಈಗ ಒಂದ ವಾರದಾಗ ಹೆಚ್ಚು ಏರಿದ್ರ ಮದಲ "ಮುಖ, ಕೈ ಬಾವು, ತಲಿನೋವು ಅದ ಏನು? ಹೌದು ಅಂದ್ರ 1, ಇಲ್ಲ ಅಂದ್ರ 2" ಅಂತ ಬರ್ತದ, 1 ಒತ್ತಿದ್ರ ಇವತ್ತ ಬಿಪಿ ತೋರಿಸ್ರಿ ಅಂತ ಹೇಳಿ ಅವರ ಕಡೆಯಿಂದ ಫೋನೂ ಬರ್ತದ. ನನ್ನ ನಂತರ ಸೇರಿದ ಗೆಳತಿ ಫೋನಿನ್ಯಾಗ ನೋಡಿ ಖಾತ್ರಿ ಮಾಡಿಕೊಂಡೇ ಬರ್ಯಾಕತ್ತೀನಿ.

ಡಯೆಟಿಷಿಯನ್ ಫೋನ್ ಬಗ್ಗೆ ಹೇಳಬೇಕು, ಅದ ಈ ಪ್ಯಾಕ್‌ದ ಎರಡನೇ ಛಲೋ ವಿಷಯ. ಏಳನೇ ತಿಂಗಳೊಳಗ ನನಗ ಕುಬಸ, ಅಂದ್ರ ಸೀಮಂತ, ಮಾಡಿದ್ರು ಊರಾಗ, ಇಲ್ಲಿ ಬಿಲ್ಡಿಂಗ್‌ನ ಮರಾಠಿ ಹೆಣ್ಮಕ್ಕಳು ಸೇರಿ ಅವರ ಪದ್ಧತಿಯ ಕುಬಸ, ಡೋಹಾಳೆ ಜೇವಣ ಮಾಡಿದ್ರು, ಅದರ ಹಿಂದ ಹಿಂದ ಒಬ್ಬೊಬ್ಬರ ಮನ್ಯಾಗ ಬಯಕಿ ಊಟ. ಎರಡು ವಾರ ಗೆರಿ ಮ್ಯಾಲ. ಫೋನ್ ಬಂತು. ಬೈತಾರ ಅಂದುಕೊಂಡಿದ್ದೆ, ಬೈಲಿಲ್ಲ, ಎಷ್ಟು ಊಟ ಉಳದಾವ ಅಂತ ಕೇಳಿದ್ರು, ಇನ್ನೂ ಎರಡು ಅವ ಅಂದೆ, ಹೋಗ್ರಿ, ಅವತ್ತ ಮುಂಜಾನೆ ರಾತ್ರಿ ಹಗರ ಉಣ್ರಿ, ಸಿಹಿ ಒಂದ ತಗೋರಿ, ಮುಂದಿನ ವಾರ ನೋಡೋಣ, ಉಪವಾಸ ಮಾತ್ರ ಮಾಡಬ್ಯಾಡ್ರಿ, ಏರಿದ್ದನ್ನ ಬಸುರಿಯೊಳಗ ಇಳಸೋದು ನಮ್ಮ ಕೆಲಸಲ್ಲ, ಏರೋ ವೇಗಾ ಸರಿ ಮಾಡೋದು ಅಷ್ಟ ಅಂದ್ರು. ಈ ಮಾತು ಯಾವ ಮೆಸೇಜ್‌ನ್ಯಾಗೂ ಇರ್ಲಿಲ್ಲ, ಇರಬೇಕಿತ್ತು. ನಮ್ಮ ಯಜಮಾನ್ರು ಬಾಜೂ ಕುಂತು ಕೇಳ್ತಿದ್ರು, "ಕೂಸು ಮೂರು ಕೆಜಿ, ಮತ್ತ ಹನ್ನೆರಡು ಕೆಜಿ ಯಾಕ?" ಅಂತ ಅವರ ಬಹುದಿನದ ಸಂಶಯ ಕೇಳಿಬಿಟ್ರು. ಅವರು ಲೆಕ್ಕಾ ಹೇಳಿದ್ರು, ಕೂಸು ಮೂರು ಕೆಜಿ ಆಸುಪಾಸು, ಹಡದ ಮ್ಯಾಲ ಬೀಳೋ ಕಸ, ಪ್ಲಾಸೆಂಟಾ ಅಂತಾರಲ್ಲ ಅದು, ಮುಕ್ಕಾಲು ಕೆಜಿ ಹತ್ರ, ಕೂಸಿನ ಸುತ್ತಲಿನ ನೀರು ಒಂದು ಕೆಜಿ ಹತ್ರ, ಗರ್ಭಚೀಲ ಬೆಳದದ್ದು ಇನ್ನೊಂದು ಕೆಜಿ ಹತ್ರ, ಮೈಯಾಗ ಹೆಚ್ಚಾದ ರಕ್ತ ಒಂದೂವರಿ, ಎದಿ ಅರ್ಧ ಕೆಜಿ, ಉಳಿದದ್ದು ನೀರು ಮತ್ತ ಮುಂದ ಹಾಲು ಕುಡಿಸಲಿಕ್ಕೆ ಮೈ ಕೂಡಿಟ್ಟ ಕೊಬ್ಬು. ಅವತ್ತಿಂದ ನಮ್ಮ ಮನ್ಯಾಗ ಆ ಪ್ರಶ್ನೆ ಮುಗೀತು.

ರೊಕ್ಕ ಕೊಡಲಾರದ ಏನೂ ಇಲ್ಲೇನು ಅಂತ ಕೇಳೋರಿಗೆ, ಅದ. ಕೇಂದ್ರ ಸರ್ಕಾರದ್ದು ಕಿಲ್ಕಾರಿ ಅಂತ 2016ರಿಂದ ನಡದದ, ಪುಕ್ಕಟೆ, ಬಸುರಿಯ ನಾಕನೇ ತಿಂಗಳಿಂದ ಕೂಸಿಗೆ ವರ್ಷ ತುಂಬೋ ತನಾ ವಾರಕ್ಕೊಂದು ರೆಕಾರ್ಡ್ ಮಾಡಿದ ಫೋನ್ ಬರ್ತದ, ಒಟ್ಟು 72. ಮುಂಬೈಯ ಅರ್ಮಾನ್ ಅನ್ನೋ ಸಂಸ್ಥೆ, 2008ರೊಳಗ ಡಾಕ್ಟರ್ ಅಪರ್ಣಾ ಹೆಗಡೆ ಅನ್ನೋರು ಶುರು ಮಾಡಿದ್ದು, ಅವರದು ಎಂಮಿತ್ರಾ ಅಂತ ಹಿಂಗ ಫೋನಿನ್ಯಾಗ ಮಾತಾಡೋ ಸೇವಾ. ಓದಲಿಕ್ಕೆ ಬರಲಾರದವರಿಗೆ ದನೀನ ಛಲೋ, ಸ್ಪೀಕರ್ ಹಾಕಿದ್ರ ಅತ್ತಿಯವರೂ ಕೇಳ್ತಾರ, ಅದರಾಗ ಇವರ ಎಸ್‌ಎಂಎಸ್‌ಕಿಂತ ಅದ ಮುಂದ. ಆದ್ರ ಅವು ಹೇಳೋ ಸೇವಾ, ನಿಮ್ಮ ತೂಕ ಎಷ್ಟು ಅಂತ ಪ್ರತಿ ವಾರ ಕೇಳಿ ನಿಮ್ಮ ನಂಬರಿಗೆ ಉತ್ತರ ಕೊಡೋದು ಬ್ಯಾರೆ. ಅಮೇರಿಕಾದಾಗ 2010ರೊಳಗ ಟೆಕ್ಸ್ಟ್‌4ಬೇಬಿ ಅಂತ ಶುರು ಆಗಿತ್ತು, ವಾರಕ್ಕ ಮೂರು ಪುಕ್ಕಟೆ ಮೆಸೇಜ್, ಅದೂ ಹೇಳೋದ ಹೆಚ್ಚು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ್ಯಾಗ ಟೆಕ್ಸ್ಟ್‌4ಟೂ ಅಂತ 100 ಬಸುರಿ ಹೆಂಗಸರ ಮ್ಯಾಲ ಒಂದು ಅಧ್ಯಯನ ಮಾಡ್ಯಾರ, 2017ರೊಳಗ ಬಂತು, ಅವರವರಿಗೆ ಹೊಂದೋ ಮೆಸೇಜ್, ಜೋಡಿ ವಿಡಿಯೋ, ವೆಬ್‌ಸೈಟ್ ಎಲ್ಲಾ ಇತ್ತು, ಅದು ಸಿಕ್ಕವರು ಸಿಗಲಾರದವರಕಿಂತ ಸುಮಾರು ಎರಡು ಕೆಜಿ ಕಮ್ಮಿ ಏರಿದ್ರು. ಬರೇ ಉಪದೇಶ ಕಳಸೋದಕಿಂತ ಕೇಳಿ ಉತ್ತರ ಕೊಡೋದು ಹೆಚ್ಚು ನಡೀತದ ಅಂತ ನನಗ ಅನಸೋದು ನನ್ನ ಸೋಮವಾರ ಗುರುವಾರ ನೋಡಿನ.

ಸರ್ಕಾರಿ ದವಾಖಾನ್ಯಾಗ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರಿಗೆ ಪುಕ್ಕಟೆ ತಪಾಸಣಿ ಇರ್ತದ, ತೂಕ, ಬಿಪಿ, ರಕ್ತ ಎಲ್ಲಾ. ಕಟ್ಟಡ ಕೆಲಸಕ್ಕ ಬಂದ ನಮ್ಮ ಕಡೆಯ ಹೆಣ್ಮಕ್ಕಳಿಗೆ ಯಾರರೆ ಇದನ್ನ ಹೇಳ್ರಿ, ಅವರಿಗೆ ತೂಕ ಹೆಚ್ಚಾಗೋ ಚಿಂತಿ ಇಲ್ಲ, ಏರಲಾರದ ಚಿಂತಿ. ಈ ಪ್ಯಾಕ್ ಅವರ ಸಲುವಾಗಿ ಮಾಡಿದ್ದಲ್ಲ, ಕಂಪನಿಯ ಊಟದ ಮೆಸೇಜ್‌ನ್ಯಾಗ ಕಮ್ಮಿ ಮಾಡು ಅನ್ನೋದ ಹೆಚ್ಚು, ಇನ್ನೊಂದು ರೊಟ್ಟಿ ತಿನ್ನು ಅನ್ನೋದು ಇಲ್ಲ. 12.5ರಿಂದ 18 ಏರಬೇಕಾದಾಕಿಗೂ ಅದ ಓಟ್ಸ್ ಹೋಗ್ತದ ಅಂದ್ರ ಏನು ಅನ್ನೋಣ.

ನಂದು ಕಡೀಕ 12 ಕೆಜಿ ಆಸುಪಾಸು ಏರಿತು, ಮೇಡಂ ಹೇಳಿದ್ದರ ಒಳಗ. ಕೂಸು ಛಲೋ ಅದ. ಮೆಸೇಜ್ ಇರಲಾರದಿದ್ರ ಎಷ್ಟು ಆಗ್ತಿತ್ತು ಅಂತ ಹೆಂಗ ಹೇಳೋದು, ಹೇಳಂಗಿಲ್ಲ.

ನನ್ನ ಲೆಕ್ಕದಾಗ ಐದಕ್ಕ ಮೂರು. ಸೋಮವಾರದ ಮೆಸೇಜಿಗೆ ಮತ್ತ ಡಯೆಟಿಷಿಯನ್ ಫೋನಿಗೆ ಪೂರ್ತಿ ಐದು ಕೊಡ್ತಿದ್ದೆ, ಗುರುವಾರದ ಮೆಸೇಜಿಗೆ ಎರಡೂ ಜಾಸ್ತಿ. ಇಂಗ್ಲಿಷ್ ಓದಲಿಕ್ಕೆ ಬರೋರು, ಮನ್ಯಾಗ ಒಬ್ಬಾಕಿನ ಅಡಗಿ ಮಾಡ್ಕೊಂಡು ಉಣ್ಣೋರು, ತಗೋರಿ, 1,500 ವ್ಯರ್ಥ ಆಗಂಗಿಲ್ಲ. ಅತ್ತಿ, ಅವ್ವ ಬರೋ ಮನಿ ಆದ್ರ ಮದಲ ಮಗನನ್ನ ಟೈಪ್ ಮಾಡಲಿಕ್ಕೆ ಕೂಡಸ್ರಿ. ಕಾಟಾ, ಕ್ಯಾಲೆಂಡರ್ ಮತ್ತ ಒಬ್ಬ ನೆನಪು ಮಾಡೋ ಗಂಡ ಇದ್ದವರಿಗೆ ಪ್ಯಾಕ್ ಬೇಕಾಗಂಗಿಲ್ಲ, ಸೋಮವಾರ ತೂಕ ಬರೀರಿ, ಡಾಕ್ಟರ್ ಕಡೆ ಹೋಗೋ ಮುಂದ ಆ ಹಾಳಿ ತೋರಸ್ರಿ.

ಒಂದು ಬಾಕಿ. ಹಡದು ದವಾಖಾನಿಂದ ಮನೀಗೆ ಬರೋದ್ರೊಳಗ ಇವರಿಂದ "ಡೆಲಿವರಿ ನಂತರ ತೂಕ ಇಳಸೋ ಪ್ಯಾಕ್, ಈಗ ಸೇರಿದ್ರ ರಿಯಾಯಿತಿ" ಅಂತ ಮೆಸೇಜ್ ಶುರು ಆಗ್ತಾವ. ಹೊಲಿಗಿ ಇನ್ನೂ ಒಣಗಿರಂಗಿಲ್ಲ, ಕೂಸು ಎರಡು ತಾಸಿಗೊಮ್ಮೆ ಅಳ್ತಿರ್ತದ, ಬಾಣಂತಿ ಹಾಲಿಗಾಗಿ ಉಣ್ಣೋ ಹೊತ್ತು ಅದು, ಆವಾಗ ತೂಕ ಇಳಸೋ ಸುದ್ದಿ. ಅದಕ್ಕ ಸ್ಟಾಪ್ ಅಂತ ರಿಪ್ಲೈ ಮಾಡ್ರಿ, ನಿಲ್ತಾವ. ನಿಲ್ಲಲಿಲ್ಲಂದ್ರ 1909ಕ್ಕ ದೂರು ಕೊಡಬಹುದು.